ಬಾಬು ಮಾಫಿ

ಅಲ್ಲ, ಹೀಟರ್ ಹಾಕಿದ ಮೇಲೆ ಕಿಟಕಿ ಪೂರ್ತಿ ಮುಚ್ಚಬೇಡ ಅಂದೆ ನಾನು, ಒಂದು ಬೆರಳು ಹೋಗುವಷ್ಟು ಬಿಡು. ಕತಾರಿನ ಚಳಿಯಲ್ಲಿ ಕಲಿತ ಪಾಠ ಇದು ಅಂದ್ರೆ ನೀವು ನಗಾಡ್ತೀರಿ, ಕತಾರಲ್ಲಿ ಎಂತ ಚಳಿ ಅಜ್ಜ ಅಂತ. ನಾನೂ ಹಾಗೇ ನಗಾಡಿಕೊಂಡು ವಿಮಾನ ಹತ್ತಿದವ. ಪೆಟ್ಟಿಗೆಯಲ್ಲಿ ಒಂದು ಸ್ವೆಟರ್ ಇಲ್ಲ, ಗೊತ್ತುಂಟಾ, ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ ಎರಡು ಬಾಟ್ಲಿ, ಅಲ್ಲ ಮೂರು, ಒಂದು ದಾರಿಯಲ್ಲೇ ಒಡೆದು ಅಂಗಿಗೆಲ್ಲ ಎಣ್ಣೆ. ಅದಿರ್ಲಿ. ತೊಂಬತ್ಮೂರೋ ತೊಂಬತ್ನಾಲ್ಕೋ ಇರ್ಬೇಕು, ದೋಹಾದ ಒಂದು ಯೂನಿವರ್ಸಿಟಿಯಲ್ಲಿ ನನಗೆ ಎ.ಸಿ. ರಿಪೇರಿ ಕೆಲಸ. ಕ್ಯಾಂಪಸ್ಸಿನ ಹಿಂದೆ ತಗಡಿನ ಕ್ಯಾಬಿನ್, ಅದರಲ್ಲಿ ನಾವು ಮೂರು ಜನ, ನಾನು, ಉಳ್ಳಾಲದ ಉಸ್ಮಾನ್, ಕಾರ್ಕಳದ ಬಾಬು. ಬಾಬು ಪ್ಲಂಬರ್. ಮೊದಲು ಅರಬ್ಬಿಯವರ ಮನೆಯಲ್ಲಿ ಡ್ರೈವರ್ ಆಗಿದ್ದವ, ಹಾಗಾಗಿ ಅವನಿಗೆ ಅರಬ್ಬಿ ಚೆನ್ನಾಗಿ ಬರ್ತಿತ್ತು. ನಮಗೆ ಯಲ್ಲಾ ಅಂದ್ರೆ ನಡಿ, ಖಲಾಸ್ ಅಂದ್ರೆ ಮುಗೀತು, ಮಾಫಿ ಅಂದ್ರೆ ಇಲ್ಲ, ಅಷ್ಟೇ.

ಆ ವರ್ಷ ಜನವರಿಯಲ್ಲಿ ಬಡಗು ಗಾಳಿ ಶುರುವಾಯ್ತು ನೋಡಿ, ಜೊತೆಗೆ ಮಳೆ ಬೇರೆ. ಟೆರೇಸಿನ ಮೇಲೆ ಸ್ಪಾನರ್ ಹಿಡಿದ ಬೆರಳು ಮಡಚ್ಲಿಕ್ಕೇ ಆಗ್ತಿರ್ಲಿಲ್ಲ. ಇಡೀ ಯೂನಿವರ್ಸಿಟಿಯನ್ನು ತಂಪು ಮಾಡುವವ ನಾನು, ನನ್ನ ಕ್ಯಾಬಿನ್ ಬಿಸಿ ಮಾಡ್ಲಿಕ್ಕೆ ಒಂದು ಹೀಟರ್ ಇಲ್ಲ. ಚಳಿಗೆ ಜಾಗ್ರತೆ ಅಂತ ಆಫೀಸಿನವರು ಎಲ್ಲಾ ಕಡೆ ನೋಟೀಸ್ ಹಚ್ಚಿದ್ರು. ಅದು ಸ್ಟೂಡೆಂಟ್ಸಿಗೆ, ನಮಗಲ್ಲ ಅಂತ ನಾವು ಓದ್ಲೇ ಇಲ್ಲ. ಒಂದು ದಿನ ಮಧ್ಯಾಹ್ನ ಊಟಕ್ಕೆ ಬರುವಾಗ ಲಾನಿನ ಬದಿಯಲ್ಲಿ ಹುಡುಗರು ಮಾಂಸ ಸುಟ್ಟು, ಮಳೆ ಬಂತಂತ ಬಿಟ್ಟು ಓಡಿದ ಕೆಂಡ, ಒಂದು ತಗಡಿನ ಡಬ್ಬ ತುಂಬ. ತಂದದ್ದು ನಾನೇ. ಉಸ್ಮಾನ್ ತಂದದ್ದಲ್ಲ, ನಾನು.

ಒಳಗಿಟ್ಟು ಕೈ ಕಾಯಿಸ್ತಾ ಕೂತಿದ್ದೆವು, ಆಗ ಬಂದ್ರು ವಾಚ್‌ಮನ್ ಹಾಜಿ, ಸುಡಾನಿನ ಮುದುಕ. ಡಬ್ಬ ನೋಡಿದವರೇ, "ಬಾಬ್! ಬಾಬ್!" ಅಂತ ಜೋರು ಮಾಡಿದ್ರು. ನಾನು ಹೇಳಿದೆ, "ಹಾಜಿ, ಬಾಬು ಮಾಫಿ. ಬಾಬು ಡ್ಯೂಟಿ." ಅವರು ಅಲ್ಲ ಅಲ್ಲ ಅಂತ ತಲೆ ಆಡಿಸಿ, "ಲಾ, ಲಾ, ಬಾಬ್!" "ಅಯ್ಯೋ, ಬಾಬು ಹಾಸ್ಟೆಲ್ ಹತ್ರ, ಪೈಪ್ ಒಡೆದಿದೆ," ಅಂತ ಕೈ ತೋರಿಸಿದೆ. ಮುದುಕ ಹಣೆ ಬಡ್ಕೊಂಡು ಮಳೆಯಲ್ಲೇ ಆ ಕಡೆ ಓಡಿದ್ರು. ಉಸ್ಮಾನ್ ಹೇಳಿದ, "ಪಾಪ, ಬಾಬುವಿನ ಹತ್ರ ಎಂತದೋ ಅರ್ಜೆಂಟ್ ಕೆಲಸ." ನಾನು ಬಾಗಿಲು ಹಾಕಿ, ಸಂದಿಗೆಲ್ಲ ಎ.ಸಿ. ಟೇಪ್ ಅಂಟಿಸಿದೆ. ನೀಟಾಗಿ, ಒಂದು ಸುಕ್ಕಿಲ್ಲದ ಹಾಗೆ.

ಸ್ವಲ್ಪ ಹೊತ್ತಿಗೆ ತಲೆ ಸಿಡೀಲಿಕ್ಕೆ ಶುರು. ಚಳಿಗೆ ಅಂತ ಕಂಬಳಿ ಎಳ್ಕೊಂಡೆ. ಉಸ್ಮಾನನನ್ನು ಕರೆದೆ, ಅವ ಬಾಯಿ ತೆರೆದು ಮಲಗಿದ್ದಾನೆ, ಮಾತಿಲ್ಲ. ಏಳ್ಬೇಕು ಅಂತ ನೋಡ್ತೇನೆ, ಕಾಲು ನನ್ನದಲ್ಲ. ಹೆದರಿಕೆ ಕೂಡ ಆಗ್ಲಿಲ್ಲ ಮಕ್ಕಳೇ, ನಿದ್ದೆ ಬರ್ತಿತ್ತು, ಹಿತವಾಗಿತ್ತು. ಅದನ್ನು ಈಗ ನೆನೆಸಿದ್ರೆ ಹೆದರಿಕೆಯಾಗ್ತದೆ.

ಬಾಗಿಲು ಒದ್ದದ್ದು ಬಾಬು. ಹಾಜಿಯೇ ಅವನನ್ನು ಹುಡುಕಿ ಕೈ ಹಿಡಿದು ಎಳ್ಕೊಂಡು ಬಂದದ್ದು. ಇಬ್ಬರೂ ಸೇರಿ ನಮ್ಮನ್ನು ಮಳೆಗೆ ಎಳೆದು ಹಾಕಿದ್ರು. ಉಸ್ಮಾನ್ ಎಷ್ಟೋ ಹೊತ್ತಿನ ಮೇಲೆ ಕೆಮ್ಮಿದ, ಆ ಕೆಮ್ಮು ಕೇಳಿ ನಾನು ಅತ್ತೇಬಿಟ್ಟೆ. ಹಾಜಿ ತನ್ನ ಉಣ್ಣೆ ಕೋಟು ಬಿಚ್ಚಿ ಅವನಿಗೆ ಹೊದೆಸಿ, ತಾನು ನಡುಗ್ತಾ ನಿಂತಿದ್ರು. ಬಾಬು ಬೈದ, "ಬಾಬ್ ಅಂದ್ರೆ ಬಾಗಿಲು ಮಾರಾಯ. ಬಾಗಿಲು ತೆಗೆದಿಡಿ, ಕೆಂಡದ ಗಾಳಿಗೆ ಸಾಯ್ತೀರಿ ಅಂತ ಅವ್ರು ಹೇಳಿದ್ದು. ನನ್ನನ್ನು ಯಾರು ಕೇಳ್ತಾರೆ?"

ಉಸ್ಮಾನ್ ಮೂರು ದಿನ ಆಸ್ಪತ್ರೆಯಲ್ಲಿದ್ದ. ಎಂತ ಹೇಳಿದೆ ನೀನು, ಇದು ಕರೆಂಟಿನ ಹೀಟರಾ, ಹೊಗೆ ಇಲ್ವಾ? ಆ ಕೆಂಡದಲ್ಲೂ ಹೊಗೆ ಕಾಣ್ತಿರ್ಲಿಲ್ಲ ಮಗಾ. ಯಾರಾದ್ರೂ ಎರಡು ಸಲ ಒಂದೇ ಮಾತು ಹೇಳಿದ್ರೆ, ಅರ್ಥ ಆಯ್ತು ಅಂತ ಬಾಗಿಲು ಹಾಕ್ಬೇಡಿ, ಎಂತದು ಅಂತ ಇನ್ನೊಮ್ಮೆ ಕೇಳಿ. ಈಗ ಎರಡನೇ ಸಲ ಹೇಳ್ತಿದ್ದೇನೆ, ಹೋಗು, ಆ ಕಿಟಕಿ ತೆಗಿ.