ಸೀಲು ಒಡೆಯದ ಸಿನಿಮಾ

ಮನಿಲಾದ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಸಾಲು ಬಸವನಹುಳುವಿನಂತೆ ತೆವಳುತ್ತಿತ್ತು. ಸರದಿಗೆ ಕಾಯುತ್ತಿದ್ದ ಲಿಗಾಯ ಎಂಬಾಕೆಯ ಮುಂದೆ ನಿಂತಿದ್ದ ರುಫೀನೊ ತನ್ನ ಗೆಳೆಯ ಡಾಂಟೆಯ ಮೇಲೆ ಸಿಡುಕುತ್ತಿದ್ದ.

"ಸಿನಿಮಾ ಡಿಸ್ಕ್ ಕೂಡಿಡೋ ಹುಚ್ಚು ಸಾಕಪ್ಪ. ಇವತ್ತಿನ ಪಾರ್ಸೆಲ್ಲೂ ನೀನೇ ತಗೊಂಡ್ಹೋಗು."

"ಏನಾಯ್ತು ಕುಯಾ?" ಅಣ್ಣನನ್ನು ಕರೆಯುವಂತೆ ಕೇಳಿದ ಡಾಂಟೆ.

"ಅಮ್ಮ ಒಂದು ಹಳೇ ಸಿನಿಮಾ ನೋಡ್ಬೇಕು ಅಂದ್ಳು. ಎಷ್ಟೋ ವರ್ಷದಿಂದ ನನ್ನ ಕಪಾಟಲ್ಲೇ ಇದೆ, ಸುತ್ತಿದ ಪ್ಲಾಸ್ಟಿಕ್ ಸುತ್ತಿದ ಹಾಗೇ."

"ಅಯ್ಯೋ! ಹರಿದ್ಯಾ?"

"ಹರೀದೆ, ಮನೇಲಿರೋ ಸಂತರ ಮೂರ್ತಿ ಪಕ್ಕ ಇಟ್ಟು ಮೇಣದಬತ್ತಿ ಹಚ್ಲಾ? ಒಳಗೆ ಡಿಸ್ಕೇ ಇಲ್ಲ ಕಣೋ! ಇಷ್ಟು ವರ್ಷ ಖಾಲಿ ಡಬ್ಬಿ ಧೂಳು ಒರೆಸ್ಕೊಂಡು ಕೂತಿದ್ದೆ. ಅಮ್ಮನ ಮುಖ ನೋಡೋಕಾಗ್ಲಿಲ್ಲ."

ಡಾಂಟೆ ಅವನ ಕಿವಿಯ ಹತ್ತಿರ ಬಾಗಿದ.

"ಡಬ್ಬಿ ನೆಗ್ಗಿಲ್ಲ ತಾನೇ? ನನಗೆ ಕೊಟ್ಬಿಡು."

ರುಫೀನೊ ಪಾರ್ಸೆಲ್ ಚೀಟಿಯನ್ನು ಅವನ ಎದೆಗೆ ಒತ್ತಿ, ಸಾಲು ಬಿಟ್ಟು ಹೊರನಡೆದ.

"ನೆಗ್ಗಿದ್ರೂ ಪರ್ವಾಗಿಲ್ಲ, ಕುಯಾ!" ಎಂದು ಕೂಗುತ್ತ ಡಾಂಟೆ ಹಿಂದೆಯೇ ಓಡಿದ.