ಎದುರಿಗೆ ಕುಳಿತ ತಾಯಿ

ಒಂದೂರಲ್ಲಿ ಒಬ್ಬ ತಾಯಿ ಇದ್ದಳು. ಅನುಕೂಲವಾದ ಮನೆ, ಸಜ್ಜನನಾದ ಗಂಡ, ಗಟ್ಟಿಮುಟ್ಟಾದ ಅತ್ತೆ, ಒಂಬತ್ತು ವರ್ಷದ ಒಬ್ಬಳೇ ಮಗಳು. ಯಾವುದಕ್ಕೂ ಕೊರತೆಯಿರಲಿಲ್ಲ. ಒಂದು ಮಾತ್ರ ಅಗತ್ಯಕ್ಕಿಂತ ಹೆಚ್ಚಾಗಿಯೇ ಇತ್ತು: ಸಂಶಯ.

ನೋಡಿ, ಸಂಶಯವೇ ಕೆಟ್ಟದ್ದೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ತರಕಾರಿಯನ್ನು ತಿರುಗಿಸಿ ನೋಡದೆ ಚೀಲಕ್ಕೆ ಹಾಕುವವರು ನಿಮ್ಮಲ್ಲಿ ಯಾರಿದ್ದೀರಿ? ಸಂಶಯ ಒಂದು ಜರಡಿ ಇದ್ದಂತೆ. ಬೇಕಾದದ್ದನ್ನೆಲ್ಲ ಅದರಲ್ಲಿ ಹಾಕಿ ಜಾಲಿಸುತ್ತೇವೆ. ಹಿಡಿದ ಕೈಯನ್ನು ಮಾತ್ರ ಯಾರೂ ಜಾಲಿಸಿ ನೋಡುವುದಿಲ್ಲ. ಆತ್ಮಪರೀಕ್ಷೆ ಎಂಬ ಮಾತನ್ನು ಇವತ್ತಿನ ಪ್ರವಚನದಲ್ಲಿ ಇಷ್ಟು ಹೊತ್ತು ಕೇಳಿದಿರಲ್ಲ, ಈ ತಾಯಿಯ ಕಥೆಯೂ ಅದರದ್ದೇ.

ಮಗಳು ಎರಡನೆಯ ತರಗತಿಯಲ್ಲಿದ್ದಾಗ ಈಕೆ ಒಂದು ದಿನ ಊಟದ ಡಬ್ಬಿ ಕೊಡಲು ಹೋಗಿ ಶಾಲೆಯ ಕಿಟಕಿಯ ಬಳಿ ನಿಂತಳು. ಒಳಗೆ ಮೇಡಂ ಅರ್ಥವಾಯಿತೇ ಎಂದು ಕೇಳಿದರು. ಇಡೀ ತರಗತಿ ಆಯಿತು ಎಂದು ರಾಗವಾಗಿ ಹಾಡಿತು. ಸಂಜೆ ಮಗಳನ್ನು ಕೂರಿಸಿಕೊಂಡು ಏನು ಅರ್ಥವಾಯಿತೆಂದು ವಿಚಾರಿಸಿದರೆ, ಮಗುವಿಗೆ ಆ ಪಾಠದ ಹೆಸರೂ ನೆನಪಿರಲಿಲ್ಲ. ಇದು ವಿದ್ಯೆಯಲ್ಲ, ಇದು ಮೋಸ ಎಂದುಕೊಂಡಳು. ಮುಂದಿನ ಜೂನ್‌ನಲ್ಲಿ ಮಗಳನ್ನು ಶಾಲೆಗೆ ಕಳುಹಿಸಲಿಲ್ಲ.

ಗಂಡ ಒಪ್ಪಿದ, ಆದರೆ ಒಂದು ಷರತ್ತಿನ ಮೇಲೆ. ಎರಡು ವರ್ಷ ಮುಗಿಯುವುದರೊಳಗೆ ಹೊರಗಿನವರೊಬ್ಬರು ಬಂದು ಮಗುವನ್ನು ಪರೀಕ್ಷಿಸಬೇಕು. ಹಿಂದೆ ಬಿದ್ದಿದ್ದಾಳೆ ಎಂದು ಕಂಡರೆ ಮರುಮಾತಿಲ್ಲದೆ ಶಾಲೆಗೆ ಸೇರಿಸಬೇಕು.

ಪಠ್ಯವನ್ನು ಆರಿಸುವ ಕೆಲಸ ಶುರುವಾಯಿತು. ರಾಜ್ಯದ ಪುಸ್ತಕ ತರಿಸಿದಳು. ಬಾಯಿಪಾಠ ಜಾಸ್ತಿಯೇನೋ ಎಂಬ ಸಂಶಯ. ಕೇಂದ್ರದ ಪುಸ್ತಕ ತರಿಸಿದಳು. ಚಿತ್ರ ಜಾಸ್ತಿ, ಲೆಕ್ಕ ಕಡಿಮೆಯೇನೋ ಎಂಬ ಸಂಶಯ. ಪರದೇಶದವರು ಅಂತರ್ಜಾಲದಲ್ಲಿ ಪುಕ್ಕಟೆ ಕೊಡುವ ಪಾಠಗಳನ್ನು ತೆರೆದಳು; ಇಷ್ಟು ಚೆನ್ನಾಗಿರುವುದನ್ನು ಪುಕ್ಕಟೆ ಯಾಕೆ ಕೊಡುತ್ತಾರೆ ಎಂಬ ಸಂಶಯ. ಕೊನೆಗೆ ಮೂರರಿಂದಲೂ ಆಯ್ದು ತಾನೇ ಒಂದು ಪಠ್ಯಕ್ರಮವನ್ನು ಕಟ್ಟಿದಳು. ಬೆಳಿಗ್ಗೆ ತಿಂಡಿಯಾದ ಮೇಲೆ ಊಟದ ಮೇಜನ್ನು ಒರೆಸಿ ಗಣಿತ, ಆಮೇಲೆ ಕನ್ನಡ. ಮಧ್ಯಾಹ್ನ ಅಜ್ಜಿಯ ಪಕ್ಕದಲ್ಲಿ ಹೂ ಕಟ್ಟುವುದು. ಸಂಜೆ ತಾರಸಿಯ ಮೇಲಿನ ಗಿಡಗಳು, ಅದೇ ವಿಜ್ಞಾನ. ಒಳ್ಳೆಯ ಕ್ರಮವೇ. ಅದರಲ್ಲಿ ದೋಷ ಹುಡುಕುವವರು ಹುಡುಕಿಕೊಳ್ಳಲಿ.

ಮಗಳು ಚೆನ್ನಾಗಿ ಕಲಿತಳು. ಚೆನ್ನಾಗಿ ಎಂದರೆ, ಕೇಳಿದ್ದಕ್ಕೆಲ್ಲ ಸರಿಯುತ್ತರ. ಒಂದು ಕ್ಷಣ ತಡೆಯುತ್ತಾಳೆ, ತಾಯಿಯನ್ನು ನೋಡುತ್ತಾಳೆ, ಹೇಳುತ್ತಾಳೆ. ಸರಿ. ಮತ್ತೊಂದು ಕೇಳಿದರೆ ಅದೂ ಸರಿ.

ನಿಮ್ಮ ಮಗು ಎಲ್ಲಕ್ಕೂ ಸರಿಯುತ್ತರ ಕೊಟ್ಟರೆ ನೀವೇನು ಮಾಡುತ್ತೀರಿ? ಪಕ್ಕದ ಮನೆಯವರಿಗೆ ಹೇಳುತ್ತೀರಿ. ಈಕೆ ಹೇಳಲಿಲ್ಲ. ಈಕೆಗೆ ಸಂಶಯ ಬಂತು. ಪುಸ್ತಕದ ಕೊನೆಯಲ್ಲಿ ಉತ್ತರಗಳಿರುತ್ತವಲ್ಲ, ಆ ಹಾಳೆಗಳನ್ನು ಬ್ಲೇಡಿನಿಂದ ಕತ್ತರಿಸಿ ಬೀರುವಿನೊಳಗಿಟ್ಟು ಬೀಗ ಹಾಕಿದಳು. ಆಮೇಲೂ ಎಲ್ಲ ಸರಿ. ಗಂಡನ ಮೊಬೈಲನ್ನು ಮಗುವಿನ ಕೈಗೆ ಸಿಗದಂತೆ ಮಾಡಿದಳು. ಆಗಲೂ ಸರಿ. ಇನ್ನು ಉಳಿದವರು ಯಾರು? ಕೋಣೆಯ ಮೂಲೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಅತ್ತೆ. ಅವರಿಗೊಂದು ಕೆಮ್ಮಿತ್ತು. ಕೆಮ್ಮು ಬರುವುದಕ್ಕೂ ಉತ್ತರ ಬರುವುದಕ್ಕೂ ಏನೋ ಹೊಂದಾಣಿಕೆ ಇದೆಯೆಂದು ಸೊಸೆಗೆ ತೋರಿತು. ಪಾಠದ ಹೊತ್ತಿನಲ್ಲಿ ನೀವು ಹಜಾರದಲ್ಲಿ ಕೂತರೆ ಒಳ್ಳೆಯದು ಎಂದು ಅವರಿಗೆ ನಯವಾಗಿಯೇ ಹೇಳಿದಳು.

ಅತ್ತೆ ಮೊರವನ್ನು ಎತ್ತಿಕೊಂಡು ಎದ್ದರು. "ಹೋಗ್ತೀನಮ್ಮ. ಹತ್ತರ ಮೇಲೆ ನನಗೆ ಮಗ್ಗಿ ಬರಲ್ಲ, ನಿನ್ನ ಮಗಳಿಗೆ ನಾನೇನು ಕೆಮ್ಮಿ ಹೇಳ್ಕೊಡ್ಲಿ" ಎಂದು ಹೊರಟರು.

ಅತ್ತೆ ಹೋದರು, ಕೆಮ್ಮು ಹೋಯಿತು, ಸರಿಯುತ್ತರ ಮಾತ್ರ ಹೋಗಲಿಲ್ಲ.

ಈಗ ಸ್ವಲ್ಪ ಗಮನವಿಟ್ಟು ಕೇಳಿ. ಒಂದು ಬೆಳಿಗ್ಗೆ ತಾಯಿ ಭಿನ್ನರಾಶಿಯ ಲೆಕ್ಕ ಕೊಟ್ಟಳು. ಒಂದು ಹೋಳಿಗೆಯನ್ನು ಎಂಟು ಪಾಲು ಮಾಡಿ ಮೂರು ಪಾಲು ತಿಂದರೆ ಹೆಚ್ಚೋ, ಅಂಥದ್ದೇ ಹೋಳಿಗೆಯನ್ನು ಐದು ಪಾಲು ಮಾಡಿ ಎರಡು ಪಾಲು ತಿಂದರೆ ಹೆಚ್ಚೋ? ತಾನೂ ಒಂದು ಚೀಟಿಯಲ್ಲಿ ಲೆಕ್ಕ ಹಾಕಿಟ್ಟುಕೊಂಡಿದ್ದಳು. ಮಗಳು ಪುಸ್ತಕದಲ್ಲಿದ್ದ ಎರಡೂ ಹೋಳಿಗೆಗಳ ಚಿತ್ರದ ಮೇಲೆ ಬೆರಳಾಡಿಸಿ ಮೊದಲನೆಯದು ಹೆಚ್ಚು ಎಂದಳು. ತಾಯಿ ಸರಿಯೆಂದು ಗೆರೆ ಎಳೆದಳು. ಆಮೇಲೆ ಬೀರುವಿನಲ್ಲಿದ್ದ ಉತ್ತರದ ಹಾಳೆ ತೆಗೆದು ನೋಡಿದರೆ, ಎರಡನೆಯದು ಹೆಚ್ಚು. ಅವಸರದಲ್ಲಿ ತಾಯಿಯೇ ತಪ್ಪಿದ್ದಳು. ಮಗಳು ತಾಯಿಯ ತಪ್ಪನ್ನೇ ಮಾಡಿದ್ದಳು.

ಇಲ್ಲಾದರೂ ಆಕೆಗೆ ಹೊಳೆಯಬೇಕಿತ್ತು, ಅಲ್ಲವೇ? ಹೊಳೆಯಲಿಲ್ಲ. ಆ ತಪ್ಪು ಉತ್ತರ ಚೀಟಿಯಲ್ಲಲ್ಲದೆ ಬೇರೆಲ್ಲೂ ಇರಲಿಲ್ಲ, ಆದ್ದರಿಂದ ಮಗು ಚೀಟಿ ನೋಡಿದೆ ಎಂದು ತೀರ್ಮಾನಿಸಿದಳು. ಅಂದಿನಿಂದ ಚೀಟಿ ಬರೆಯುವುದನ್ನೇ ಬಿಟ್ಟು ಉತ್ತರವನ್ನು ಮನಸ್ಸಿನಲ್ಲಿ ಮಾತ್ರ ಇಟ್ಟುಕೊಂಡಳು. ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಮಗಳ ಎದುರಿಗೇ ಕುಳಿತು, ಕಣ್ಣು ಮಿಟುಕಿಸದೆ ಕಾವಲು ಕಾದಳು. ಕಳ್ಳದಾರಿಗಳೆಲ್ಲ ಮುಚ್ಚಿದವು. ಆದರೂ ಎಲ್ಲ ಸರಿ. ಹಾಗಾದರೆ ಮಗು ನಿಜಕ್ಕೂ ಬುದ್ಧಿವಂತೆಯೇ ಇರಬೇಕು. ನಾಲ್ಕನೆಯ ತರಗತಿಯ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ ಆರನೆಯ ತರಗತಿಯ ಪುಸ್ತಕಗಳನ್ನು ತರಿಸಿದಳು.

ಫೆಬ್ರುವರಿಯಲ್ಲಿ ಗಂಡನ ಅಣ್ಣ ಬಂದರು. ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಹಾಸ್ಯದ ಮನುಷ್ಯ. ಆ ಊರಿನ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಕೆನ್ನೆಯವರೆಗೆ ಇಳಿಯುವ ಕಪ್ಪು ಕನ್ನಡಕ ಹಾಕಿಕೊಂಡು, ತಮ್ಮನ ಮನೆಯಲ್ಲಿ ವಿಶ್ರಾಂತಿಗೆಂದು ಉಳಿದರು. ಪರೀಕ್ಷೆ ಮಾಡಲು ಹೊರಗಿನವರು ಇನ್ನು ಯಾಕೆ, ಅಣ್ಣನೇ ಕೇಳಲಿ ಎಂದ ಗಂಡ. ಆಕೆಗೆ ಅದರಲ್ಲೂ ಏನೋ ಸಂಚು ಕಂಡಿತು. ಅಣ್ಣತಮ್ಮಂದಿರು ಮೊದಲೇ ಮಾತಾಡಿಕೊಂಡು ಮಗುವನ್ನು ಶಾಲೆಗೆ ತಳ್ಳಲು ಹೊರಟಿದ್ದಾರೇನೋ? ಆದರೂ ಒಪ್ಪಿದಳು. ಪಾಠ ಹೇಳಿದವರು ದೂರ ಇರಬೇಕೆಂದು ಭಾವನವರು ಆಕೆಯನ್ನು ಮಗುವಿನ ಬೆನ್ನ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿದರು.

ಅವರು ಪುಸ್ತಕ ಮುಟ್ಟಲಿಲ್ಲ, ಬಾಯಲ್ಲೇ ಒಂದು ಲೆಕ್ಕ ಕೇಳಿದರು. ಮನೆಗೆ ಒಂದು ಲೀಟರ್ ಹಾಲು ಬಂತು. ಅದರಲ್ಲಿ ಕಾಲು ಭಾಗವನ್ನು ಅಜ್ಜಿ ಕಾಫಿಗೆ ತೆಗೆದಳು. ಮಿಕ್ಕಿದ್ದರಲ್ಲಿ ಅರ್ಧವನ್ನು ಮೊಸರಿಗೆ ಹಾಕಿದಳು. ಯಾವುದಕ್ಕೆ ಹೆಚ್ಚು ಹಾಲು ಹೋಯಿತು? ಆರನೆಯ ತರಗತಿಯ ಪುಸ್ತಕ ಓದುವ ಹುಡುಗಿಗೆ ಇದೊಂದು ಲೆಕ್ಕವೇ?

ಹುಡುಗಿ ಕಾಫಿ ಎಂದು ಬಾಯಿ ತೆರೆದು, ದೊಡ್ಡಪ್ಪನ ಮುಖ ನೋಡಿ, ಅಲ್ಲಿಗೇ ನಿಲ್ಲಿಸಿದಳು. ಮೊಸರು ಎಂದಳು. ಮತ್ತೆ ನೋಡಿದಳು. ಮತ್ತೆ ಕಾಫಿ ಎಂದಳು. ಮೆಲ್ಲಗೆ ಹಿಂದಕ್ಕೆ ತಿರುಗಲು ಹೋದಳು.

"ಅಲ್ಲೇನು ಹಾಲು ಉಕ್ತಿದೆಯೇನೇ? ಈ ಕಡೆ ನೋಡು," ಎಂದರು ದೊಡ್ಡಪ್ಪ.

ಮಗು ಈ ಕಡೆ ನೋಡಿತು. ಬಹಳ ಮರ್ಯಾದೆಯಿಂದ ಕೇಳಿತು: "ದೊಡ್ಡಪ್ಪ, ಆ ಕನ್ನಡಕ ತೆಗೀತೀರಾ?"

"ಯಾಕೆ ಪುಟ್ಟಿ?"

"ಹೀಗಿದ್ರೆ ಯಾವುದು ಸರಿ ಅಂತ ಹೇಗೆ ಗೊತ್ತಾಗುತ್ತೆ?"

ಭಾವನವರು ಜೋರಾಗಿ ನಕ್ಕರು. ಅವರಿಗೆ ಅದು ಮಕ್ಕಳ ಮಾತು. ಬಾಗಿಲಲ್ಲಿ ನಿಂತ ತಾಯಿ ನಗಲಿಲ್ಲ. ಬೀರುವಿನ ಬೀಗ, ಅತ್ತೆಯ ಕೆಮ್ಮು, ಬರೆಯದೆ ಬಿಟ್ಟ ಚೀಟಿಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಮನೆಯಲ್ಲಿ ಎಲ್ಲ ಬಾಗಿಲನ್ನೂ ಮುಚ್ಚಿದ್ದಳು. ಉತ್ತರ ಸೋರುತ್ತಿದ್ದದ್ದು ಎಲ್ಲಿಂದ? ಅವಳ ಹುಬ್ಬಿನಿಂದ. ತುಟಿಯ ಬಿಗಿತದಿಂದ. ಮಗುವಿನ ಬೆರಳು ತಪ್ಪು ಕಡೆಗೆ ಸರಿದಾಗ ಹಿಡಿದುಕೊಳ್ಳುತ್ತಿದ್ದ ಉಸಿರಿನಿಂದ. ಸಂಶಯ ಹೆಚ್ಚಾದಷ್ಟೂ ಆಕೆ ಹತ್ತಿರ ಕುಳಿತಳು. ಹತ್ತಿರ ಕುಳಿತಷ್ಟೂ ಮಗುವಿಗೆ ಮುಖ ಚೆನ್ನಾಗಿ ಕಂಡಿತು. ಕಾವಲಿಗೆ ಕುಳಿತವಳೇ ಕಳ್ಳದಾರಿಯಾಗಿದ್ದಳು.

ನೋಡಿ, ಆಗಲೂ ಮನಸ್ಸು ಮೊದಲು ಹೋದದ್ದು ಮಗುವಿನ ಮೇಲೆಯೇ. "ಇಷ್ಟು ದಿನ ನನಗೆ ಮೋಸ ಮಾಡ್ತಿದ್ಯಾ?" ಎಂದಳು.

ಮಗುವಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಮೋಸ ಏನಮ್ಮ? ನೀನೇ ತಾನೆ ಹೇಳ್ತಿದ್ದಿದ್ದು. ಬಾಯಲ್ಲಿ ಹೇಳ್ತಿರಲಿಲ್ಲ, ಅಷ್ಟೆ."

ಸಂಜೆ ಗಂಡ ಬಂದು ಪರೀಕ್ಷೆ ಹೇಗಾಯಿತೆಂದು ಕೇಳಿದ. ಭಾವನವರು ದೊಡ್ಡ ಮನಸ್ಸಿನಿಂದ, ಮಗು ನಾಚಿಕೊಂಡಿತು, ಈ ಕನ್ನಡಕ ನೋಡಿ ಹೆದರಿರಬೇಕು ಎಂದರು. ಆಕೆ ಸುಮ್ಮನಿದ್ದಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮಗಳು ಮನೆಯಲ್ಲೇ ಉಳಿಯುತ್ತಿದ್ದಳು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಉತ್ತರ ಹೇಳಬೇಡಿ, ಒಳಗೇ ಇಟ್ಟುಕೊಳ್ಳಿ.

"ನಾಚಿಕೆಯಲ್ಲ ಭಾವ. ಅವಳಿಗೆ ಲೆಕ್ಕ ಬರಲ್ಲ, ನನ್ನ ಮುಖ ಓದೋಕೆ ಬರುತ್ತೆ" ಎಂದಳು ಆಕೆ.

ಹಾಗಾದರೆ ಜೂನ್‌ನಲ್ಲಿ ಶಾಲೆಗೆ, ಎಂದ ಗಂಡ. ಆಕೆ ವಾದ ಮಾಡಲಿಲ್ಲ. "ಕಳಿಸೋಣ. ಆದರೆ ಅಲ್ಲೂ ಒಂದು ಮುಖ ಇರುತ್ತೆ ಅಲ್ವಾ? ಈ ಅಭ್ಯಾಸ ನನ್ನಿಂದ ಅಂಟಿದ್ದು. ಬಿಡಿಸೋಕೆ ಜೂನ್‌ವರೆಗೆ ಅವಕಾಶ ಕೊಡಿ. ಆಮೇಲೆ ಭಾವನೇ ಬಂದು ನೋಡ್ಲಿ."

ಮರುದಿನ ಆರನೆಯ ತರಗತಿಯ ಪುಸ್ತಕಗಳು ಅಟ್ಟಕ್ಕೆ ಹೋದವು. ನಾಲ್ಕನೆಯದು ಕೆಳಗಿಳಿಯಿತು, ಅದೂ ಭಾರವೆನಿಸಿ ಮೂರನೆಯದು ಇಳಿಯಿತು. ಎರಡು ವರ್ಷ ಕಟ್ಟಿದ್ದನ್ನು ತಾನೇ ಕೆಡವುವುದು ಸುಲಭವೇ? ಅಡುಗೆಮನೆಯ ಕಟ್ಟೆಯ ಮೇಲೆ ಗೆರೆ ಹಾಕಿದ ಅಳತೆಯ ಜಗ್ಗನ್ನೂ ಎರಡು ಪಾತ್ರೆಗಳನ್ನೂ ಇಟ್ಟಳು. ಹಾಲು ಹಾಳು ಮಾಡಬೇಡಿ, ನೀರಲ್ಲಿ ಮಾಡಿ ಎಂದರು ಅತ್ತೆ. ದೊಡ್ಡಪ್ಪ ಕೇಳಿದ್ದನ್ನು ನೀನೇ ಅಳೆದು ನೋಡು ಎಂದು ಮಗಳಿಗೆ ಹೇಳಿ, ಆಕೆ ಒಲೆಯ ಕಡೆ ತಿರುಗಿ ನಿಂತಳು.

ಬೆನ್ನ ಹಿಂದೆ ನೀರು ಸುರಿಯುವ ಶಬ್ದ. ನಿಂತಿತು. "ಅಮ್ಮ, ಸರೀನಾ?" ಆಕೆ ತಿರುಗಲಿಲ್ಲ. ಜಗ್ಗನ್ನ ಕೇಳು, ನನ್ನ ಕೇಳಬೇಡ ಎಂದಳು. ಏನೋ ಚೆಲ್ಲಿತು. ಆಗಲೂ ತಿರುಗಲಿಲ್ಲ. ಸಂಶಯದ ಮನುಷ್ಯರಿಗೆ ಬೆನ್ನು ತಿರುಗಿಸಿ ನಿಲ್ಲುವುದಕ್ಕಿಂತ ಕಠಿಣವಾದ ತಪಸ್ಸು ಬೇರೆ ಇಲ್ಲ. ಮಗು ಅತ್ತಿತು, ಸಿಟ್ಟು ಮಾಡಿತು, ಅಂದು ಉತ್ತರ ಬರಲೇ ಇಲ್ಲ. ಮತ್ತೊಂದು ದಿನ ಆ ಉತ್ತರ ಬಂತು.

ಜೂನ್ ಆಯಿತು. ಭಾವನವರು ಕಪ್ಪು ಕನ್ನಡಕವಿಲ್ಲದೆ ಬಂದು ಹೊಸ ಲೆಕ್ಕ ಕೇಳಿದರು. ಅರ್ಧ ಕಿಲೋ ಬೆಲ್ಲದಲ್ಲಿ ಕಾಲು ಭಾಗ ಹೆಚ್ಚೋ, ಕಾಲು ಕಿಲೋ ಬೆಲ್ಲದಲ್ಲಿ ಅರ್ಧ ಹೆಚ್ಚೋ? ಹುಡುಗಿ ಲೆಕ್ಕ ಹಾಕಿ ಎರಡೂ ಒಂದೇ ಎಂದಳು. ಅವರು ಬೇಕೆಂದೇ ಹುಬ್ಬು ಗಂಟಿಕ್ಕಿದರು. ಮಗು ನೋಡಿತು, ಸ್ವಲ್ಪ ಅಳುಕಿತು. ಆಮೇಲೆ, "ನೀವು ಮುಖ ಹೇಗೆ ಮಾಡಿದ್ರೂ ಅಷ್ಟೇ ದೊಡ್ಡಪ್ಪ, ಬೇಕಾದ್ರೆ ತೂಗಿ" ಎಂದಿತು. ಮುಂದಿನ ಲೆಕ್ಕ ತಪ್ಪಾಯಿತು. ಅವರು ಮುಗುಳ್ನಕ್ಕರೂ ಅಲ್ಲವೆಂದು ತಲೆಯಾಡಿಸಿದರೂ ಆ ತಪ್ಪು ಉತ್ತರವನ್ನು ಹುಡುಗಿ ಬಿಡಲಿಲ್ಲ. ಪಾತ್ರೆ ತಂದು ಅಳೆದ ಮೇಲಷ್ಟೇ ಬಿಟ್ಟಳು. ಬಾಗಿಲಲ್ಲಿದ್ದ ತಾಯಿಯ ಕಣ್ಣು ತುಂಬಿದ್ದು ಸರಿಯುತ್ತರಕ್ಕಲ್ಲ, ಈ ತಪ್ಪಿಗೆ. ಅದು ಮಗಳ ಸ್ವಂತ ತಪ್ಪಾಗಿತ್ತು. ವಯಸ್ಸಿಗೆ ಇನ್ನೂ ಒಂದು ತರಗತಿ ಹಿಂದಿದ್ದಾಳೆ, ನಿಜ. ಆದರೆ ಇದನ್ನು ಕಲಿಸಿದವಳೇ ಮುಂದಿನದನ್ನೂ ಕಲಿಸಲಿ ಎಂದರು ಭಾವನವರು. ಗಂಡ ಷರತ್ತನ್ನು ಬಿಟ್ಟು ಒಪ್ಪಿದ, ಮಗಳು ಮನೆಯಲ್ಲೇ ಉಳಿದಳು.

ಈಗ ನಿಮ್ಮ ಕಡೆ ಬರೋಣ.

ನಮ್ಮ ಮಕ್ಕಳು ಶಾಲೆಗೆ ಹೋಗುತ್ತಾರೆ, ಈ ಕಥೆ ನಮ್ಮದಲ್ಲ ಎಂದು ಕೆಲವರು ನಿರಾಳವಾಗಿ ಕುಳಿತಿದ್ದೀರಿ. ಹೌದೇ? ಸಂಜೆ ಹೋಂವರ್ಕಿಗೆ ಎದುರಿಗೆ ಕೂರುವವರು ಯಾರು? ಮಗು ಕೆಟ್ಟರೆ ಟಿವಿಯಿಂದ ಕೆಟ್ಟಿತು, ಗೆಳೆಯರಿಂದ ಕೆಟ್ಟಿತು, ಅಜ್ಜಿಯ ಮುದ್ದಿನಿಂದ ಕೆಟ್ಟಿತು ಎನ್ನುತ್ತೀರಿ. ದಿನವಿಡೀ ಅದು ಓದುತ್ತಿರುವ ಪಠ್ಯ ಯಾವುದು? ನಿಮ್ಮ ಮುಖ. ಆ ಪುಸ್ತಕವನ್ನು ಯಾವತ್ತಾದರೂ ತೆರೆದು ನೋಡಿದ್ದೀರಾ? ಈಗ ಇಷ್ಟು ಜನ ತಲೆಯಾಡಿಸಿದಿರಿ. ಅರ್ಥವಾಗಿ ಆಡಿಸಿದಿರೋ, ಪಕ್ಕದವರು ಆಡಿಸಿದರೆಂದು ಆಡಿಸಿದಿರೋ? ಈ ಪೀಠದ ಮೇಲಿನ ಮುಖ ಮೆಚ್ಚಲಿ ಎಂದು ಆಡಿಸಿದ್ದರೆ, ನಿಮಗೂ ಆ ಮಗುವಿಗೂ ವ್ಯತ್ಯಾಸವೇನು? ದೇವರ ಮುಂದೆ ಕೈಮುಗಿಯುವಾಗಲೂ ಒಂದು ಕಣ್ಣು ಯಾರು ನೋಡುತ್ತಿದ್ದಾರೆ ಎಂಬ ಕಡೆಗೇ ಇದ್ದರೆ, ಅದು ಭಕ್ತಿಯೇ?

ಆದ್ದರಿಂದ ನಾಳೆ ಮಗು ಲೆಕ್ಕಕ್ಕೆ ಕುಳಿತಾಗ ಎದುರಿನ ಕುರ್ಚಿ ಬಿಟ್ಟು ಏಳಿ. ಸರಿಯೇ ಎಂದು ಕೇಳಿದರೆ, ನೀನು ಹೇಗೆ ನೋಡಿಕೊಳ್ಳುತ್ತೀಯ ಎಂದು ಕೇಳಿ. ಅಳೆಯುವುದಾದರೆ ಅಳತೆ ಕೊಡಿ, ತೂಗುವುದಾದರೆ ತಕ್ಕಡಿ ಕೊಡಿ. ಮುಂದಿನ ತರಗತಿಯ ಪುಸ್ತಕ ಕೊಳ್ಳುವ ಮೊದಲು, ನೀವಿಲ್ಲದ ಕೋಣೆಯಲ್ಲಿ ಹಿಂದಿನ ಪುಸ್ತಕವನ್ನು ಅದು ಮಾಡಬಲ್ಲದೇ ನೋಡಿ. ಮನೆಯವರ ಮೇಲೆ ಸಂಶಯ ಬಂದರೆ ತಡೆಯಬೇಡಿ, ಬರಲಿ. ಆದರೆ ಸರದಿಯಲ್ಲಿ ಮೊದಲು ನಿಮ್ಮನ್ನು ನಿಲ್ಲಿಸಿಕೊಳ್ಳಿ. ಮಗು ತಪ್ಪು ಹೇಳಿದಾಗ ನಾಲಿಗೆಯನ್ನು ತಡೆದುಕೊಳ್ಳುವುದು ನಿಮಗೆಲ್ಲ ಬರುತ್ತದೆ. ಇನ್ನು ಹುಬ್ಬನ್ನು ತಡೆದುಕೊಳ್ಳುವುದನ್ನು ಕಲಿಯಿರಿ.