ನೀನು, ನೀವು ಮತ್ತು ಯೂ

ವೇದಿಕೆಯ ನಡುಕುರ್ಚಿಯಲ್ಲಿರುವ ಅಧ್ಯಕ್ಷರೇ, ಅಂದರೆ ನಮ್ಮ ಹೆಡ್‌ಮಾಸ್ಟರೇ, ಅತಿಥಿಗಳೇ, ನನ್ನನ್ನು ನಿವೃತ್ತಿ ಮಾಡಿಸಲು ಹೊಸ ಬಟ್ಟೆ ಹಾಕಿಕೊಂಡು ಬಂದಿರುವ ಸಹೋದ್ಯೋಗಿಗಳೇ, ವಿದ್ಯಾರ್ಥಿಗಳೇ, ಸಭಿಕರೇ,

ಮೂವತ್ತೊಂದು ವರ್ಷ ಈ ಶಾಲೆಯಲ್ಲಿ ಇಂಗ್ಲಿಷಿನ ಸರ್ವನಾಮಗಳನ್ನು ಕಲಿಸಿದೆ. ಪರ್ಸನಲ್, ಪೊಸೆಸಿವ್, ರಿಫ್ಲೆಕ್ಸಿವ್, ರಿಲೇಟಿವ್. ರಿಲೇಟಿವ್ ಎಂದ ಕೂಡಲೇ ಪ್ರತಿ ವರ್ಷವೂ ಯಾರಾದರೊಬ್ಬರು, "ಸರ್, ಅದು ನೆಂಟರನ್ನ ಕರೆಯೋದಾ?" ಎನ್ನುತ್ತಿದ್ದರು. ಪ್ರತಿ ವರ್ಷವೂ ನಾನು ಮೊದಲ ಸಲ ಕೇಳಿದವನಂತೆ ನಗುತ್ತಿದ್ದೆ. ಅನುಭವ ಎಂದರೆ ಇದೇ ಅಲ್ಲವೇ?

ಆದರೆ ನನ್ನ ಮಾನ ಉಳಿಸಿದ್ದು ಒಂದೇ ಸರ್ವನಾಮ. ಅದು 'ಯೂ'.

ಅಧ್ಯಕ್ಷರೂ ನಾನೂ ಒಂದನೇ ತರಗತಿಯಿಂದ ಒಂದೇ ಬೆಂಚಿನವರು. ಅವರ ಅಮ್ಮ ಇಬ್ಬರ ತಲೆಗೂದಲನ್ನೂ ಒಂದೇ ಕತ್ತರಿಯಲ್ಲಿ ಕತ್ತರಿಸುತ್ತಿದ್ದರು. ಹಳೆಯ ಫೋಟೋದಲ್ಲಿ ಯಾರು ಯಾರೆಂದು ನಮ್ಮಲ್ಲೇ ಜಗಳವಾಗುತ್ತದೆ. ಇಬ್ಬರೂ ಇಲ್ಲಿಗೇ ಮೇಷ್ಟ್ರಾಗಿ ಬಂದೆವು, ಅವರು ಗಣಿತಕ್ಕೆ, ನಾನು ಇಂಗ್ಲಿಷಿಗೆ. ಹನ್ನೆರಡು ವರ್ಷದ ಹಿಂದೆ ಅವರು ಹೆಡ್‌ಮಾಸ್ಟರಾದರು. ಆ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಖುಷಿಯಿಂದ ಅವರ ಬೆನ್ನಿಗೊಂದು ಗುದ್ದಿ, "ಏನೋ, ದೊಡ್ಡ ಮನುಷ್ಯ ಆಗ್ಬಿಟ್ಯಲ್ಲೋ!" ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡು, "ಇಲ್ಲಿ ಸ್ವಲ್ಪ ಬಹುವಚನ ಇರಲಿ, ಮೇಷ್ಟ್ರೇ" ಎಂದರು.

ಮೇಷ್ಟ್ರೇ!

ಮನೆಗೆ ಹೋಗಿ ಕನ್ನಡಿಯ ಮುಂದೆ 'ನೀವು' ಎಂದು ಅಭ್ಯಾಸ ಮಾಡಿದೆ. ನಾಲಿಗೆ ಹೊರಳಲಿಲ್ಲ. 'ನೀನು' ಅನ್ನುವಂತಿಲ್ಲ, 'ನೀವು' ಬಾಯಿಗೆ ಬರುವುದಿಲ್ಲ. ಮರುದಿನ ಅವರೆದುರು ನಿಂತಾಗ ತಾನಾಗಿ ಬಂತು: "ಡಿಡ್ ಯೂ ಕಾಲ್ ಮಿ?" ಎಂಥ ಪುಣ್ಯಾತ್ಮ ಪದ ನೋಡಿ! ಮರ್ಯಾದೆ ಕೊಟ್ಟಂತೆಯೂ ಅಲ್ಲ, ಕೊಡದಂತೆಯೂ ಅಲ್ಲ. ಅವರಿಗೂ ಅದೇ ಸಂಕಟವಿತ್ತೋ ಏನೋ, "ಮೈಸೆಲ್ಫ್ ಓನ್ಲಿ ಕಾಲ್ಡ್" ಎಂದರು. ರಿಫ್ಲೆಕ್ಸಿವ್ ಪ್ರೊನೌನ್ ನನ್ನ ಕಣ್ಣೆದುರೇ ಪ್ರಾಣಬಿಟ್ಟಿತು. ನಾನು ತಿದ್ದಲಿಲ್ಲ.

ಅಂದಿನಿಂದ ನಾವಿಬ್ಬರೂ ಕನ್ನಡದಲ್ಲಿ ಮಾತಾಡಲೇ ಇಲ್ಲ. ಹೊಸ ಮೇಷ್ಟ್ರುಗಳು ನಮ್ಮನ್ನು ಮಹಾ ವಿದ್ವಾಂಸರೆಂದುಕೊಂಡರು.

ಹೋದ ವರ್ಷ ಏಳನೇ ತರಗತಿಯಲ್ಲಿ ಬೋರ್ಡಿನ ಮೇಲೆ 'ಈಚ್ ಅದರ್' ಎಂದು ಬರೆಯುತ್ತಿದ್ದೆ. ಎದೆ ಹಿಂಡಿದಂತಾಗಿ ಬಿದ್ದೆ. ಎರಡು ಮಹಡಿ ಹತ್ತಿ ಓಡಿಬಂದವರು ಇದೇ ಅಧ್ಯಕ್ಷರು, ಒಂದೇ ಕಾಲಿನಲ್ಲಿ ಚಪ್ಪಲಿ. ನನ್ನ ಕೆನ್ನೆ ತಟ್ಟುತ್ತಾ ಮಕ್ಕಳೆದುರೇ ಕೂಗಿದರು: "ಕಣ್ಣು ಬಿಡೋ! ನನ್ನ ಬಿಟ್ಟು ಹೋದ್ರೆ ಸುಮ್ನೆ ಬಿಡಲ್ಲ ನೋಡು ನಿನ್ನ!"

ಹನ್ನೊಂದು ವರ್ಷ ಕಾದಿದ್ದ ಏಕವಚನ! ನಾನು ಕಣ್ಣು ಬಿಟ್ಟು ಹೇಳಿದ್ದೇನು ಗೊತ್ತೇ? "ಥ್ಯಾಂಕ್ ಯೂ, ಸರ್."

ಇಷ್ಟು ದಡ್ಡ ಮೇಷ್ಟ್ರು ಇನ್ನೆಲ್ಲಾದರೂ ಉಂಟೇ? ಆಸ್ಪತ್ರೆ ಮುಟ್ಟುವವರೆಗೆ ಅವರು ನನ್ನ ಕೈ ಬಿಡಲಿಲ್ಲ. ಗುಣವಾಗಿ ಶಾಲೆಗೆ ಬಂದಾಗ ಮಾತ್ರ ಮತ್ತೆ "ಹೌ ಆರ್ ಯೂ?" ಎಂದರು. ತಪ್ಪು ನನ್ನದೇ. ಅದನ್ನು ಇವತ್ತಾದರೂ ಎಲ್ಲರೆದುರು...

ಕ್ಷಮಿಸಿ. ಅಧ್ಯಕ್ಷರು ಒಂದು ಚೀಟಿ ಸರಿಸಿದ್ದಾರೆ. ಸಮಯವಾಯಿತು ಎಂದಿರಬೇಕು. ಓದಿಬಿಡುತ್ತೇನೆ.

"ಸಾಕು ಕೂತ್ಕೊಳೋ. ಎಲ್ರೆದುರು ನನ್ನ ಅಳಿಸ್ಬೇಡ."

ವ್ಯಾಕರಣ ದೋಷ ಒಂದೂ ಇಲ್ಲ. ಕೂತೆ ಕಣೋ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ, ನಮಸ್ಕಾರ.